ಬ್ಯಾಡಗಿಯ ಕೆಂಪಿಗೆ ಜಾತಕ ಬರೆಯುವವರು ಯಾರು?

ಮಂಗಳೂರಿನ ಯಾವುದೇ ಕಿರಾಣಿ ಅಂಗಡಿಯಲ್ಲಿ ‘ಅರ್ಧ ಕಿಲೋ ಬ್ಯಾಡಗಿ ಕೊಡಿ’ ಎಂದು ಕೇಳಿ ನೋಡಿ. ಅಂಗಡಿಯಾತ ಮರುಪ್ರಶ್ನೆ ಹಾಕದೆ ತಕ್ಕಡಿ ಎತ್ತಿಕೊಳ್ಳುತ್ತಾನೆ. ಮೆಣಸಿನಕಾಯಿ ಎಂಬ ಮಾತನ್ನು ಸೇರಿಸುವ ಅಗತ್ಯವೇ ಇಲ್ಲ. ಕರಾವಳಿಯ ಗಸಿ, ಉಡುಪಿಯ ಸಾಂಬಾರು, ಮೈಸೂರು ಕಡೆಯ ಬಿಸಿಬೇಳೆ ಭಾತು, ಧಾರವಾಡ ಸೀಮೆಯ ರಂಜಕ, ಇವೆಲ್ಲದರ ಕೆಂಪಿನ ಹಿಂದೆ ಇರುವುದು ಹಾವೇರಿ ಜಿಲ್ಲೆಯ ಒಂದು ಸಣ್ಣ ತಾಲ್ಲೂಕು ಕೇಂದ್ರದ ಹೆಸರು. ಊರಿನ ಹೆಸರೇ ಪದಾರ್ಥದ ಹೆಸರಾಗಿಬಿಡುವ ಭಾಗ್ಯ ಎಲ್ಲ ಊರುಗಳಿಗೂ ದಕ್ಕುವುದಿಲ್ಲ. ಜಗತ್ತಿನಲ್ಲಿ ಈ ಭಾಗ್ಯ ಹೆಚ್ಚಾಗಿ ದಕ್ಕಿರುವುದು ದ್ರಾಕ್ಷಾರಸದ ಸೀಮೆಗಳಿಗೆ. ಫ್ರಾನ್ಸಿನ ಶಾಂಪೇನ್, ಬೋರ್ಡೊ, ಬರ್ಗಂಡಿ ಮೊದಲು ನೆಲದ ಹೆಸರುಗಳು, ಆಮೇಲೆ ಸೀಸೆಯ ಹೆಸರುಗಳು.

ವಿದ್ಯಾರ್ಥಿಗಳ ಪುಟದಲ್ಲಿ ವೈನಿನ ಮಾತೇಕೆ ಎಂದು ತಂದೆತಾಯಂದಿರು ಹುಬ್ಬು ಗಂಟಿಕ್ಕುವುದು ಬೇಡ. ಸೀಸೆಯೊಳಗೆ ಏನಿದೆ ಎಂಬುದರ ಗೊಡವೆ ಇಲ್ಲಿಲ್ಲ. ಸೀಸೆಯ ಮೇಲೆ ಅಂಟಿಸಿದ ಚೀಟಿಯ ಕತೆ ಮಾತ್ರ ನಮಗೆ ಬೇಕು. ಆ ಚೀಟಿಯ ಮೇಲಿನ ಊರಿನ ಹೆಸರನ್ನು ಉಳಿಸಿಕೊಳ್ಳಲು ಅಲ್ಲಿನ ಬೆಳೆಗಾರರು ಪಟ್ಟ ಪಾಡು ಬ್ಯಾಡಗಿಯವರಿಗೆ ತಮ್ಮದೇ ಮನೆಯ ಜಗಳದಂತೆ ಕಂಡರೆ ಆಶ್ಚರ್ಯವಿಲ್ಲ.

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದ ತುಂಬ ಚೀಲಗಳು. ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದ ಗಡಿಯಾಚೆಯಿಂದ ರಾತ್ರಿಯೆಲ್ಲ ಲಾರಿಯಲ್ಲಿ ಕುಳಿತು ಬಂದ ರೈತರು. ಟೆಂಡರಿನ ದರ ಹೊರಬಿದ್ದಾಗ ಅವರ ಸಹನೆ ಕಟ್ಟೆಯೊಡೆಯಿತು. ಕ್ವಿಂಟಲ್ಲಿಗೆ 20 ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ದರ 8 ಸಾವಿರಕ್ಕೆ ಕುಸಿದಿದೆ ಎಂಬುದು ಅವರ ದೂರು. ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ಕಲ್ಲುಗಳು ಬಿದ್ದವು, ವಾಹನಗಳು ಹೊತ್ತಿ ಉರಿದವು. ಬೆಂಕಿ ಹಚ್ಚಿದ್ದು ಸರಿ ಎಂದು ಯಾರೂ ಹೇಳಲಾರರು. ವಿಷಯ ಬೆಂಕಿಯವರೆಗೆ ಬಂದದ್ದು ಹೇಗೆ ಎಂದು ಕೇಳದೆ ಬಿಡುವುದೂ ಸರಿಯಲ್ಲ.

ಇದಕ್ಕೆ 113 ವರ್ಷ ಮೊದಲು, 1911ರಲ್ಲಿ, ಶಾಂಪೇನ್ ಸೀಮೆಯಲ್ಲೂ ಇಂಥದೇ ಬೆಂಕಿ ಬಿದ್ದಿತ್ತು. ಅದಕ್ಕಿಂತ ಮೊದಲೇ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನು ದ್ರಾಕ್ಷಿ ಬಳ್ಳಿಯ ಬೇರನ್ನು ತಿನ್ನತೊಡಗಿತ್ತು. 1910ರಲ್ಲಿ ಮಳೆ, ಬೂಷ್ಟು, ಹುಳುಗಳಿಂದ ಬೆಳೆ ಹೆಚ್ಚುಕಡಿಮೆ ಪೂರ್ತಿ ಕೈಕೊಟ್ಟಿತು. ಬೆಳೆಗಾರ ಬರಿಗೈಯಲ್ಲಿ ಕುಳಿತಿದ್ದಾಗ ವ್ಯಾಪಾರಿಗಳು ದೂರದ ಲ್ವಾರ್ ಕಣಿವೆಯಿಂದ, ದಕ್ಷಿಣದ ಬಯಲಿನಿಂದ ಅಗ್ಗದ ಮಾಲು ತರಿಸಿ, ಅದಕ್ಕೂ ಶಾಂಪೇನ್ ಎಂಬ ಚೀಟಿಯನ್ನೇ ಅಂಟಿಸಿ ಮಾರಿದರು. ಜನವರಿಯಲ್ಲಿ ದಾಮರಿ, ಓವಿಲೆ ಎಂಬ ಹಳ್ಳಿಗಳಲ್ಲಿ ಬೆಳೆಗಾರರು ಹೊರಗಿನ ಮಾಲಿನ ಗಾಡಿಗಳನ್ನು ತಡೆದು ಮಾರ್ನ್ ನದಿಗೆ ಉರುಳಿಸಿದರು. ಏಪ್ರಿಲ್‌ನಲ್ಲಿ ಆಯಿ ಎಂಬ ಊರಿನಲ್ಲಿ ವ್ಯಾಪಾರಿಗಳ ಕಟ್ಟಡಗಳು ಉರಿದವು. ಸರ್ಕಾರ ಸೈನ್ಯವನ್ನು ಕಳಿಸಬೇಕಾಯಿತು.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯದ ಸಂಗತಿ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಫ್ರಾನ್ಸ್ ಒಂದು ಕಾಯಿದೆ ಮಾಡಿತು. ಒಂದು ಊರಿನ ಹೆಸರನ್ನು ಒಂದು ಸರಕಿಗೆ ಇಡಬೇಕಾದರೆ ಆ ಊರಿನಲ್ಲಿ ಆ ಪದ್ಧತಿ ಸ್ಥಳೀಯವಾಗಿ, ಪ್ರಾಮಾಣಿಕವಾಗಿ, ಎಡೆಬಿಡದೆ ನಡೆದುಕೊಂಡು ಬಂದಿರಬೇಕು ಎಂಬುದು ಅದರ ತಿರುಳು. ತಕರಾರು ಬಂದರೆ ತೀರ್ಮಾನ ನ್ಯಾಯಾಲಯದ್ದು. ನ್ಯಾಯಾಧೀಶರಿಗೆ ಕಣ್ಣೀರಿನಿಂದ, ಭಾಷಣದಿಂದ ಏನು ಪ್ರಯೋಜನ? ಅವರಿಗೆ ಬೇಕಾದದ್ದು ಕಾಗದ. ಅಜ್ಜನ ಕಾಲದ ಲೆಕ್ಕದ ಪುಸ್ತಕ, ಖರೀದಿ ಪತ್ರ, ಯಾವ ಹೊಲದಲ್ಲಿ ಯಾವ ಬಳ್ಳಿ ಇತ್ತು ಎಂಬ ಗ್ರಾಮದ ದಾಖಲೆ ಇದ್ದವನ ಮಾತಿಗೆ ಬೆಲೆ ಬಂತು. ಹಳೆಯ ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿಯುತ್ತಿದ್ದ ಚರಿತ್ರೆ ಹೀಗೆ ಒಂದು ದಿನ ಸಾಕ್ಷಿಯಾಯಿತು. 1927ರಲ್ಲಿ ಯಾವ ಯಾವ ಹಳ್ಳಿ, ಯಾವ ಯಾವ ದ್ರಾಕ್ಷಿ ಎಂಬುದು ಕಾನೂನಿನಲ್ಲೇ ನಿಗದಿಯಾಯಿತು. 1935ರಲ್ಲಿ ದೇಶಕ್ಕೆಲ್ಲ ಒಂದೇ ವ್ಯವಸ್ಥೆ ಬಂತು. 1941ರಲ್ಲಿ ಬೆಳೆಗಾರರು ಮತ್ತು ವ್ಯಾಪಾರಿಗಳು ಒಂದೇ ಮೇಜಿನ ಸುತ್ತ ಕೂರುವ ಜಂಟಿ ಸಮಿತಿ ಹುಟ್ಟಿತು. ಒಮ್ಮೆ ಉರಿದುಹೋಗಿದ್ದ ಆ ಸೀಮೆಯ ಇಳಿಜಾರುಗಳು, ನೆಲಮಾಳಿಗೆಗಳು 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಬ್ಯಾಡಗಿಗೂ ಒಂದು ಚೀಟಿ ಸಿಕ್ಕಿದೆ. ಭೌಗೋಳಿಕ ಸೂಚಕ, ಅಂದರೆ ಜಿ.ಐ. ಎಂಬ ಮಾನ್ಯತೆಯ ಭಾರತೀಯ ಕಾಯಿದೆ 1999ರದು. ಜಾರಿಗೆ ಬಂದದ್ದು 2003ರಲ್ಲಿ. ಮೊದಲ ಚೀಟಿ ಡಾರ್ಜಿಲಿಂಗ್ ಚಹಾಕ್ಕೆ, 2004ರಲ್ಲಿ. ಬ್ಯಾಡಗಿ ಮೆಣಸಿನಕಾಯಿಯ ಸರದಿ 2011ರಲ್ಲಿ ಬಂತು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೂ ಇದೇ ಮಾನ್ಯತೆ ಇದೆ. ಈ ಇಡೀ ವ್ಯವಸ್ಥೆ ಹುಟ್ಟಿ ಬೆಳೆದದ್ದು ವೈನಿನ ಜಗಳಗಳಿಂದಲೇ ಎಂಬುದಕ್ಕೆ ಗುರುತು ಇಂದಿಗೂ ಉಳಿದಿದೆ. ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದದಲ್ಲಿ ವೈನ್ ಮತ್ತು ಮದ್ಯಗಳ ಊರ ಹೆಸರಿಗೆ ಉಳಿದ ಸರಕುಗಳಿಗಿಂತ ಒಂದು ತೂಕ ಹೆಚ್ಚಿನ ರಕ್ಷಣೆ ಇದೆ. ಮೆಣಸಿನಕಾಯಿಗೆ, ಅಕ್ಕಿಗೆ, ಚಹಾಕ್ಕೆ ಅಷ್ಟಿಲ್ಲ. ಈ ತಾರತಮ್ಯ ಸರಿಯೆ ಎಂದು ಭಾರತದಂಥ ದೇಶಗಳು ಕೇಳುತ್ತಲೇ ಬಂದಿವೆ.

ಚೀಟಿ ಯಾವ ಗುಣಕ್ಕೆ ಸಿಕ್ಕಿತು ಎಂಬುದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಬ್ಯಾಡಗಿಯ ಹಣ್ಣು ಒಣಗಿದಾಗ ಮೈತುಂಬ ಸುಕ್ಕು. ಗುಂಟೂರಿನ ಕಾಯಿಯಂತೆ ನುಣ್ಣಗೆ ಮಿರುಗುವುದಿಲ್ಲ. ಬಾಣಲೆಯ ಬಿಸಿ ಎಣ್ಣೆಗೆ ಹಾಕಿದರೆ ಎಣ್ಣೆಯೇ ಕೆಂಪೇರುತ್ತದೆ, ಆದರೆ ಕೆಮ್ಮು ಅಷ್ಟಾಗಿ ಬರುವುದಿಲ್ಲ. ಇದರಲ್ಲಿ ಎರಡು ಬಗೆ. ‘ಡಬ್ಬಿ’ ಎಂಬುದು ಗಿಡ್ಡ, ದುಂಡು, ಬೀಜ ಜಾಸ್ತಿ. ‘ಕಡ್ಡಿ’ ಎಂಬುದು ಉದ್ದ, ಸಪೂರ, ಬೀಜ ಕಡಿಮೆ. ಕೆಂಪಿಗೆ ಕಾರಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ, ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ಬೇರೆಯೇ ರಾಸಾಯನಿಕ. ಹೆಸರು ಅಣ್ಣತಮ್ಮಂದಿರಂತಿದ್ದರೂ ಇವುಗಳಿಗೆ ಸಂಬಂಧವಿಲ್ಲ. ಬ್ಯಾಡಗಿಯಲ್ಲಿ ಮೊದಲನೆಯದು ಧಾರಾಳ, ಎರಡನೆಯದು ಜುಗ್ಗ. ಖಾರವಿಲ್ಲದ ಬಣ್ಣ ಬೇಕಾದ ಕಾರ್ಖಾನೆಗಳಿಗೆ ಇದಕ್ಕಿಂತ ಒಳ್ಳೆಯ ಮಾಲು ಎಲ್ಲಿ ಸಿಕ್ಕೀತು? ಕಾಯಿಯಿಂದ ಓಲಿಯೋರೆಸಿನ್ ಎಂಬ ಗಟ್ಟಿ ಎಣ್ಣೆ ತೆಗೆದು ತಿಂಡಿ ತಿನಿಸಿಗೆ, ತುಟಿಗೆ ಹಚ್ಚುವ ಬಣ್ಣಕ್ಕೆ, ಉಗುರಿನ ಬಣ್ಣಕ್ಕೆ ಬಳಸುತ್ತಾರೆ. ಒಂದು ಟನ್ ಒಣಗಾಯಿಗೆ ಸುಮಾರು 50 ಲೀಟರ್ ಎಣ್ಣೆ ಸಿಗುತ್ತದಂತೆ.

ಈ ಕಾಯಿ ಇಲ್ಲಿಯದಲ್ಲ ಎಂಬುದನ್ನೂ ಮಕ್ಕಳು ತಿಳಿದಿರಬೇಕು. ಅದು ಅಮೆರಿಕ ಖಂಡದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಅದಕ್ಕೆ ಮೊದಲು ಕನ್ನಡಿಗರ ಖಾರವೆಂದರೆ ಕರಿಮೆಣಸು. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಅಂಟಿಸಿ ಮೆಣಸಿನಕಾಯಿ ಎಂದು ಕರೆದುಕೊಂಡರು. ಹೊರಗಿನಿಂದ ಬಂದ ಗಿಡವನ್ನು ಸುಕ್ಕು ಮೈಯ, ಕಡುಗೆಂಪಿನ, ಮೆದು ಖಾರದ ಈ ತಳಿಯಾಗಿ ತಿದ್ದಿದವರು ಈ ಕಪ್ಪು ನೆಲದ ಒಕ್ಕಲುಮಕ್ಕಳು. ಪ್ರಯೋಗಶಾಲೆ ಇರಲಿಲ್ಲ. ಪ್ರತಿ ವರ್ಷ ಗಿಡದ ಮೇಲೆ ಚೆನ್ನಾಗಿ ಬಲಿತು ಕೆಂಪಾದ ಹಣ್ಣನ್ನು ಆರಿಸಿ, ‘ಇದು ಬೀಜಕ್ಕೆ’ ಎಂದು ಬೇರೆ ತೆಗೆದಿಟ್ಟ ಕೈಗಳು ಇದ್ದವು. ಅವುಗಳಲ್ಲಿ ಹೆಚ್ಚಿನವು ಹೆಂಗಸರ ಕೈಗಳು. ಯಾವ ಪುಸ್ತಕದಲ್ಲೂ ಅವರ ಹೆಸರು ಸಿಗುವುದಿಲ್ಲ.

ಹಾವೇರಿ, ಗದಗ, ಧಾರವಾಡ ಸೀಮೆಯ ಮಳೆಯಾಶ್ರಿತ ಎರೆಹೊಲದಲ್ಲಿ ಇದನ್ನು ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ಮುಂಗಾರಿನಲ್ಲಿ ಈರುಳ್ಳಿ ಮತ್ತು ಮೆಣಸಿನಕಾಯಿ, ಅದರ ನಡುವೆ ಹತ್ತಿ. ಈರುಳ್ಳಿ ಮೊದಲು ಮನೆಗೆ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಮೆಣಸಿನಹಣ್ಣು. ಎಲ್ಲಕ್ಕೂ ಕೊನೆಗೆ ಹತ್ತಿ ಬಿಡಿಸುವುದು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ ಎಂಬ ಲೆಕ್ಕಾಚಾರ. ಬರಗಾಲ ಕಂಡ ಜನ ಮಾಡಿಕೊಂಡ ವಿಮೆ ಅದು, ಕಂತು ಕಟ್ಟಬೇಕಾಗಿರಲಿಲ್ಲ.

ಬರಗಾಲವೆಂದಾಗ ರೈಲು ನೆನಪಾಗುತ್ತದೆ. 1876ರಿಂದ 78ರವರೆಗಿನ ಬರದಲ್ಲಿ ಜನ ಸತ್ತದ್ದಕ್ಕೆ ಧಾನ್ಯವನ್ನು ಸಾಗಿಸುವ ದಾರಿ ಇಲ್ಲದಿದ್ದುದೂ ಒಂದು ಕಾರಣ. ಅದರ ಬೆನ್ನಿಗೆ 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿ ಹಾಕಿತು. ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಒಂದರ ಹಿಂದೆ ಒಂದು ನಿಲ್ದಾಣಗಳಾದವು. ಹತ್ತಿಪ್ಪತ್ತು ಹರದಾರಿಯಿಂದ ಚಕ್ಕಡಿಯಲ್ಲಿ ಬಂದ ಚೀಲಗಳು ಹಳಿಯ ಪಕ್ಕದ ಊರಿಗೆ ಸೇರಿದವು, ಅಲ್ಲಿಂದ ದೇಶಕ್ಕೆಲ್ಲ ಹೋದವು. ಬ್ಯಾಡಗಿ ಎಂಬುದು ಬೆಳೆಯ ಊರಿನ ಹೆಸರು ಎನ್ನುವುದಕ್ಕಿಂತ ಪೇಟೆಯ ಹೆಸರು ಎನ್ನುವುದೇ ಸರಿ. ಇದರಲ್ಲಿ ಅವಮಾನವೇನೂ ಇಲ್ಲ. ಪೋರ್ಟ್ ವೈನಿನ ಕತೆಯೂ ಇಷ್ಟೇ. ಪೋರ್ತೋ ಎಂಬುದು ಹಡಗು ಹತ್ತಿಸುವ ಬಂದರು, ದ್ರಾಕ್ಷಿ ಬೆಳೆಯುವುದು ಎಷ್ಟೋ ದೂರದ ದೌರೊ ಕಣಿವೆಯಲ್ಲಿ. ಆದರೆ ಪೋರ್ಚುಗೀಸರು 1756ರಷ್ಟು ಹಿಂದೆಯೇ ಆ ಕಣಿವೆಯ ಗಡಿಯನ್ನು ಗುರುತಿಸಿ, ಇದರೊಳಗೆ ಬೆಳೆದದ್ದು ಮಾತ್ರ ಆ ಬಂದರಿನ ಹೆಸರಿಗೆ ಅರ್ಹ ಎಂದು ಕಟ್ಟುನಿಟ್ಟು ಮಾಡಿದರು. ಪೇಟೆಯ ಹೆಸರಿಗೆ ಹೊಲದ ಗಡಿ ಗೊತ್ತಿತ್ತು.

ಬ್ಯಾಡಗಿಯಲ್ಲಿ ಆ ಗಡಿ ದಿನದಿಂದ ದಿನಕ್ಕೆ ಮಸುಕಾಗುತ್ತಿದೆ. ಬ್ಯಾಡಗಿಯ ಸುತ್ತಮುತ್ತಲ ಹೊಲಗಳಲ್ಲಿ ಈಗ ಕಣ್ಣು ಹಾಯಿಸಿದತ್ತ ಮೆಕ್ಕೆಜೋಳ ಮತ್ತು ಬಿ.ಟಿ. ಹತ್ತಿ. ಪೇಟೆಗೆ ಬರುವ ಮಾಲಿನಲ್ಲಿ ದೊಡ್ಡ ಪಾಲು ತುಂಗಭದ್ರೆ, ಕೃಷ್ಣೆಯ ನೀರಾವರಿ ಸೀಮೆಯದು. ಅದರಲ್ಲೂ 5531, 2043 ಎಂದು ಅಂಕಿಗಳಿಂದ ಕರೆಸಿಕೊಳ್ಳುವ ಕಂಪನಿಯ ಹೈಬ್ರಿಡ್ ತಳಿಗಳದ್ದೇ ಭರಾಟೆ. ರೈತನನ್ನು ಇದಕ್ಕೆ ದೂರಿ ಫಲವಿಲ್ಲ. ದೇಸಿ ಗಿಡಕ್ಕೆ ಮುಟುರು ರೋಗ ಬಡಿದರೆ ಎಲೆ ದೋಣಿಯಂತೆ ಮುದುಡಿ, ಗಿಡ ಕುಬ್ಜವಾಗಿ, ಇಡೀ ವರ್ಷದ ದುಡಿಮೆ ಮಣ್ಣುಪಾಲು. 2021ರಲ್ಲಿ ಹೊಸದೊಂದು ಕಪ್ಪು ಥ್ರಿಪ್ಸ್ ನುಸಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಿಗೆ ನುಗ್ಗಿ ಹೂವನ್ನೇ ತಿಂದುಹಾಕಿತು. ಎಕರೆಗೆ ಹೆಚ್ಚು ಚೀಲ ಕೊಡುವ ಬೀಜ ಸಿಕ್ಕಾಗ ಮಗಳ ಮದುವೆ, ಮಗನ ಫೀಸು ಎದುರಿಗಿರುವ ಮನುಷ್ಯ ಅದನ್ನು ಬಿತ್ತದೆ ಇನ್ನೇನು ಮಾಡಿಯಾನು?

ತೊಂದರೆ ಇರುವುದು ಜೇನುನೊಣದಲ್ಲಿ. ಇದು ತಮಾಷೆಯ ಮಾತಲ್ಲ. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಆದರೆ ಪಕ್ಕದ ಹೊಲದ ಪರಾಗ ಬಂದರೂ ಬೇಡವೆನ್ನುವುದಿಲ್ಲ. ದುಂಬಿಗೆ ಬದುವಿನ ಲೆಕ್ಕ ತಿಳಿಯದು. ಆದ್ದರಿಂದಲೇ ನಮ್ಮ ಬೀಜ ಪ್ರಮಾಣನದ ನಿಯಮದಲ್ಲಿ ಮೆಣಸಿನಕಾಯಿಯ ಮೂಲಬೀಜದ ತಾಕಿಗೂ ಬೇರೆ ತಳಿಯ ಹೊಲಕ್ಕೂ 400 ಮೀಟರ್ ಅಂತರ ಬೇಕು, ಪ್ರಮಾಣಿತ ಬೀಜಕ್ಕೆ 200 ಮೀಟರ್. ಮೂರು ಎಕರೆಯ ರೈತ 400 ಮೀಟರ್ ಎಲ್ಲಿಂದ ತಂದಾನು? ಸುತ್ತ ಹೈಬ್ರಿಡ್ ಇರುವಾಗ ಒಬ್ಬ ಮುದುಕ ಹಟ ಹಿಡಿದು ಅಜ್ಜನ ಡಬ್ಬಿಯನ್ನೇ ಬಿತ್ತಿ, ಅದರ ಬೀಜವನ್ನೇ ಎತ್ತಿಟ್ಟರೂ ಕೆಲವೇ ವರ್ಷಗಳಲ್ಲಿ ಅದು ಡಬ್ಬಿಯಾಗಿ ಉಳಿಯುವುದಿಲ್ಲ. ಹಣ್ಣು ಕೆಂಪಾಗಿಯೇ ಇರುತ್ತದೆ, ಸುಕ್ಕೂ ಇದ್ದೀತು. ಸ್ವಲ್ಪ ಖಾರ ಏರುತ್ತದೆ, ಸ್ವಲ್ಪ ಬಣ್ಣ ಇಳಿಯುತ್ತದೆ. ಯಾರೂ ಕದ್ದೊಯ್ಯದೆ, ಯಾರೂ ಗಮನಿಸದೆ ಮನೆಯ ಬಂಗಾರ ತಾಮ್ರವಾಗುವ ಬಗೆ ಇದು. ದ್ರಾಕ್ಷಿ ಬೆಳೆಗಾರನಿಗೆ ಈ ಭಯವಿಲ್ಲ. ಅವನು ಬಳ್ಳಿಯ ತುಂಡನ್ನು ನೆಟ್ಟೋ ಕಸಿ ಕಟ್ಟಿಯೋ ತಾಯಿಯನ್ನೇ ಮರಳಿ ಪಡೆಯುತ್ತಾನೆ. ಮೆಣಸಿನಕಾಯಿಯದು ಪ್ರತಿ ವರ್ಷವೂ ಹೊಸ ಹುಟ್ಟು, ಆದ್ದರಿಂದ ಜಾತಕವೂ ಪ್ರತಿ ವರ್ಷ ಬೇಕು.

ಇಲ್ಲೊಂದು ವಿಚಿತ್ರವಿದೆ. ಬ್ಯಾಡಗಿಯಲ್ಲಿ ರೈಲು ಹತ್ತಿ ದೇವರಗುಡ್ಡ ದಾಟಿದರೆ ಸಿಗುವ ರಾಣೆಬೆನ್ನೂರು ದೇಶಕ್ಕೇ ಹೆಸರಾದ ಬೀಜದ ಊರು. ಹತ್ತಿ, ಟೊಮೆಟೊ, ಮೆಣಸಿನಕಾಯಿ ಮೊದಲಾದವುಗಳ ಹೈಬ್ರಿಡ್ ಬೀಜವನ್ನು ಸುತ್ತಲಿನ ಹಳ್ಳಿಗಳ ರೈತರು ಕಂಪನಿಗಳಿಗಾಗಿ ಬೆಳೆದುಕೊಡುತ್ತಾರೆ. ಬಲೆಮನೆಯೊಳಗೆ ಹೆಣ್ಣುಮಕ್ಕಳು ಒಂದೊಂದೇ ಮೊಗ್ಗನ್ನು ಬಿಡಿಸಿ, ಗಂಡು ಕೇಸರಗಳನ್ನು ಕಿತ್ತು, ಇನ್ನೊಂದು ಗಿಡದ ಪರಾಗವನ್ನು ಮುಟ್ಟಿಸಿ, ಗುರುತಿಗೆ ದಾರ ಕಟ್ಟುವ ಕೆಲಸ ನೋಡಿದರೆ ಶಸ್ತ್ರಚಿಕಿತ್ಸೆಯ ಕೊಠಡಿ ನೆನಪಾಗುತ್ತದೆ. ಅಲ್ಲಿ ಪ್ರತಿಯೊಂದು ತಾಕಿಗೂ ನಂಬರು, ತಂದೆ ಯಾರು ತಾಯಿ ಯಾರು ಎಂಬ ದಾಖಲೆ, ತಪಾಸಣೆಯ ತಾರೀಖು ಎಲ್ಲ ಉಂಟು. ನಿನ್ನೆ ಹುಟ್ಟಿದ ಹೈಬ್ರಿಡ್‌ಗೆ ಅಷ್ಟು ಅಚ್ಚುಕಟ್ಟಾದ ಕುಲಪಟ್ಟಿ. ನಾಲ್ಕು ಶತಮಾನ ಈ ನೆಲದಲ್ಲಿ ಪಳಗಿದ ಕಾಯಿಗೆ ಯಾರದೋ ಅಟ್ಟದ ಮೇಲಿನ ಗಡಿಗೆಯೇ ಗತಿ.

ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾಗುತ್ತದೆ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ಶೀತಲ ಭಂಡಾರದಲ್ಲಿ ದೇಶದ ಬಗೆಬಗೆಯ ತಳಿಗಳ ಬೀಜಗಳು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ನಿದ್ದೆ ಮಾಡುತ್ತಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ, ಹಾವೇರಿಗೆ ಸೇರಿದ ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲೂ ಈ ಕಾಯಿಯ ಮೇಲೆ ಕೆಲಸ ನಡೆದಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತನೇ ತನ್ನ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬಹುದು. ಆದರೆ ಅಲ್ಲಿಯೂ ಕೇಳುವ ಪ್ರಶ್ನೆ ಹಳೆಯದೇ. ಈ ಬೀಜ ಎಲ್ಲಿಂದ ಬಂತು, ಎಷ್ಟು ಕಾಲದಿಂದ ಬಿತ್ತುತ್ತಿದ್ದೀರಿ, ಸಾಕ್ಷಿ ಏನು?

ಸಾಕ್ಷಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಜಿಲ್ಲಾ ಕೇಂದ್ರವೇ ಉದಾಹರಣೆ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಆದರೂ ಒಂದು ಕಾಲಕ್ಕೆ ಹಾವೇರಿ ಏಲಕ್ಕಿ ಎಂದರೆ ದೊಡ್ಡ ಹೆಸರು. ಮಲೆನಾಡಿನಿಂದ ಬಂದ ಕಾಯಿಯನ್ನು ಇಲ್ಲಿನ ಬಾವಿಯ ನೀರು, ಅಂಟುವಾಳದ ನೊರೆಯಲ್ಲಿ ತೊಳೆದು, ಬಿಳುಪಾಗಿಸಿ, ದೂರದ ಪೇಟೆಗಳಿಗೆ ಕಳಿಸುತ್ತಿದ್ದರು. ಆ ಕಸುಬು ಮಾಯವಾಯಿತು. ಉಳಿದಿರುವುದು ಏಲಕ್ಕಿಯ ಹಾರ ಮಾತ್ರ, ಅದನ್ನು ಪೋಣಿಸುವ ಕಲೆಯೂ ಬೆರಳೆಣಿಕೆಯ ಮನೆಗಳಲ್ಲಿದೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಏಲಕ್ಕಿ ನಾಡಿಗೆ ಸ್ವಾಗತ ಎಂಬ ಮಾತು ಕೇಳಿದ ಮಕ್ಕಳು ಏಲಕ್ಕಿ ತೋಟ ಎಲ್ಲಿದೆ ಎಂದು ಹುಡುಕಿದ್ದರೆ ಅದು ಅವರ ತಪ್ಪಲ್ಲ. ಹೆಸರು ಉಳಿದು, ಹೆಸರಿನ ಹಿಂದಿನ ಕೆಲಸ ಮರೆತುಹೋದರೆ ಹೀಗಾಗುತ್ತದೆ.

ಹಂಗೇರಿಯಲ್ಲಿ ಸೆಗೆಡ್ ಎಂಬ ಊರಿದೆ, ಅದು ಅಲ್ಲಿನ ಬ್ಯಾಡಗಿ. ಪ್ಯಾಪ್ರಿಕಾ ಎಂಬ ಖಾರ ಕಡಿಮೆ, ಬಣ್ಣ ಜಾಸ್ತಿಯ ಮೆಣಸಿನಪುಡಿಗೆ ಹೆಸರುವಾಸಿ. 1930ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಊರಿನ ಪ್ಯಾಪ್ರಿಕಾದಿಂದಲೇ ರಾಶಿ ರಾಶಿಯಾಗಿ ‘ಸಿ’ ಜೀವಸತ್ವವನ್ನು ಬೇರ್ಪಡಿಸಿದ, 1937ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ಸೆಗೆಡ್‌ನಲ್ಲಿ ಪ್ಯಾಪ್ರಿಕಾದ ಕತೆ ಹೇಳುವ ಒಂದು ವಸ್ತುಸಂಗ್ರಹಾಲಯ ಇದೆ. ಹಳೆಯ ಬೀಸುವ ಕಲ್ಲುಗಳು, ದಾರದಲ್ಲಿ ಪೋಣಿಸಿ ಒಣಗಿಸುವ ಬಗೆ, ಕೂಲಿ ಹೆಂಗಸರ ಚಿತ್ರಗಳು, ತಗಡಿನ ಡಬ್ಬಿಗಳು, ಇಂಥವೇ ಸಾಮಾನುಗಳು. ಬ್ಯಾಡಗಿಗೆ ಹೋದರೆ ಇಂಥ ಸಾಮಾನುಗಳಿಗೆ ಬರವೇ? ದಲಾಲಿ ಅಂಗಡಿಗಳ ಕಪಾಟಿನಲ್ಲಿ ಬಟ್ಟೆ ಸುತ್ತಿದ ಕಿರ್ದಿ, ಖತಾವಣಿಗಳಿವೆ. ಯಾವ ಹಳ್ಳಿಯ ಯಾವ ರೈತ ಯಾವ ದಿನ ಎಷ್ಟು ಚೀಲ ಡಬ್ಬಿ, ಎಷ್ಟು ಕಡ್ಡಿ ತಂದ, ಯಾವ ದರಕ್ಕೆ ಹೋಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಚರಿತ್ರೆ ಬೇಕಿಲ್ಲ. ಅಂಗಡಿ ಕಂಪ್ಯೂಟರಿಗೆ ಬದಲಾದಾಗ, ಕಟ್ಟಡ ಕೆಡವಿದಾಗ, ಅಣ್ಣತಮ್ಮಂದಿರು ಪಾಲಾದಾಗ ಇವು ಮೊದಲು ಹೋಗುವುದು ರದ್ದಿಗೆ. ಮುಂದಿನ ವರ್ಷದ ಮಳೆಬೆಳೆಯ ಸುಳಿವನ್ನು ದೇವರಗುಡ್ಡದ ಕಾರಣಿಕದಲ್ಲಿ ಹುಡುಕುವ ಜನ ಹಿಂದಿನ ನಲವತ್ತು ವರ್ಷದ ದರವನ್ನು ಕಿಲೋ ಲೆಕ್ಕದಲ್ಲಿ ಮಾರಿಬಿಡುತ್ತಾರೆ!

2024ರ ಮಾರ್ಚಿನ ಗಲಾಟೆಯಂಥ ಸಂದರ್ಭದಲ್ಲಿ ಈ ಲೆಕ್ಕಗಳು ಏಕೆ ಬೇಕೆಂಬುದು ಅರ್ಥವಾಗುತ್ತದೆ. ಬಿದ್ದದ್ದು ಯಾವ ಮಾಲಿನ ದರ? ಹೈಬ್ರಿಡ್‌ನದೋ, ಡಬ್ಬಿಯದೋ? ಒಳ್ಳೆಯ ಡಬ್ಬಿಗೆ ಎಂದಿನಿಂದಲೂ ಬೇರೆಯೇ ದರ. ಆದರೆ ಎರಡೂ ಒಂದೇ ಹೆಸರಿನಲ್ಲಿ ಒಂದೇ ಪ್ರಾಂಗಣಕ್ಕೆ ಬಂದಾಗ ನೋಡುವವರಿಗೆ ಕಾಣುವುದು ‘ಬ್ಯಾಡಗಿ ಕುಸಿಯಿತು’ ಎಂಬ ಒಂದೇ ಸುದ್ದಿ. ನಷ್ಟ ಇಬ್ಬರಿಗೂ. ಶಾಂಪೇನಿನ ಬೆಳೆಗಾರ ಚೀಟಿಯ ಮೇಲೆ ಊರಿನ ಹೆಸರನ್ನು ಕಾದುಕೊಂಡ, ಚೀಟಿಯ ಹಿಂದಿನ ಲೆಕ್ಕವನ್ನೂ ಕಾದುಕೊಂಡ. ನಾವು 2011ರಲ್ಲಿ ಚೀಟಿ ಪಡೆದು ಲೆಕ್ಕವನ್ನು ಮರೆತಿದ್ದೇವೆ.

ಲೆಕ್ಕ ಬರೆಯುವ ಕೆಲಸವನ್ನು ಹೈಸ್ಕೂಲು, ಕಾಲೇಜಿನ ಮಕ್ಕಳು ಚೆನ್ನಾಗಿ ಮಾಡಬಲ್ಲರು, ತಂದೆತಾಯಂದಿರು ‘ಅಂಕ ಎಷ್ಟು ಬರುತ್ತದೆ’ ಎಂದು ಕೇಳದೆ ಇದ್ದರೆ. ಬೇಸಿಗೆ ರಜೆ ಮತ್ತು ಮೆಣಸಿನಕಾಯಿ ವ್ಯಾಪಾರದ ಕೊನೆಯ ಹಂಗಾಮು ಒಂದೇ ಹೊತ್ತಿಗೆ ಬರುತ್ತವೆ. ಬ್ಯಾಡಗಿಯ ಓಣಿಗಳಲ್ಲಿ ನೆರಳಿಗೆ ಕುಳಿತು ತೊಟ್ಟು ಬಿಡಿಸುವ ಹೆಂಗಸರಿಗೆ ಕೈಯಿಂದ ಮುಟ್ಟಿಯೇ ಕಾಯಿಯ ಊರು ಹೇಳಲು ಬರುತ್ತದೆ. ಹಮಾಲರಿಗೆ ಘಾಟಿನಿಂದಲೇ ಹೈಬ್ರಿಡ್ ಗೊತ್ತಾಗುತ್ತದೆ. ಅವರ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲು ಖರ್ಚಿಲ್ಲ. ಕೇಳಬೇಕಾದ ಪ್ರಶ್ನೆಗಳೂ ಸರಳ. ನಿಮ್ಮ ಮನೆಯಲ್ಲಿ ಬೀಜ ಎತ್ತಿಡುತ್ತಿದ್ದವರು ಯಾರು? ಎಷ್ಟನೆಯ ಬಿಡಿಕೆಯ ಹಣ್ಣು? ಯಾವುದರಲ್ಲಿ ಇಡುತ್ತಿದ್ದರು? ಮನೆಯ ಬೀಜ ಬಿಟ್ಟು ಪೊಟ್ಟಣದ ಬೀಜ ತಂದದ್ದು ಯಾವ ವರ್ಷ, ಯಾಕೆ? ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೇ ಇದೆ, ಇಂಥ ಧ್ವನಿಮುದ್ರಣ ಅಲ್ಲಿಯವರಿಗೆ ಹೊಸದಲ್ಲ. ಹಳೆಯ ಕಿರ್ದಿಯ ಪುಟಗಳ ಚಿತ್ರ ತೆಗೆದುಕೊಳ್ಳಲು ದಲಾಲರ ಒಪ್ಪಿಗೆ ಬೇಕಾಗುತ್ತದೆ. ವ್ಯಾಪಾರದ ಗುಟ್ಟು ಹೊರಬೀಳುತ್ತದೆಂದು ಅವರು ಹಿಂಜರಿದರೆ ಮೂವತ್ತು ವರ್ಷಕ್ಕಿಂತ ಹಿಂದಿನದನ್ನು ಮಾತ್ರ ಕೇಳಬಹುದು. ಅಷ್ಟು ಹಳೆಯ ಗುಟ್ಟಿನಿಂದ ಯಾರಿಗೂ ನಷ್ಟವಿಲ್ಲ. ಹಳೆಯ ಮುಂಬಯಿ ಪ್ರಾಂತ್ಯದ ಕಾಲದಲ್ಲಿ, 1884ರಲ್ಲಿ, ಅಚ್ಚಾದ ಧಾರವಾಡ ಜಿಲ್ಲೆಯ ಗೆಜೆಟಿಯರ್ ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಆ ಕಾಲದ ಬೆಳೆ, ಸಂತೆ, ಸಾಗಾಟಗಳನ್ನು ಅದರಲ್ಲಿ ಓದಿಕೊಂಡು ಹೋದರೆ ಅಜ್ಜಂದಿರ ಜೊತೆ ಮಾತಿಗೆ ತೊಡಗುವುದು ಸುಲಭ.

ಒಂದು ವಿಷಯದಲ್ಲಿ ಮಾತ್ರ ರಜೆಯಿಂದ ರಜೆಗೆ ಮುಂದೂಡುವಂತಿಲ್ಲ. ಮೆಣಸಿನ ಬೀಜವನ್ನು ಮನೆಯಲ್ಲಿ ಗಡಿಗೆಯಲ್ಲೋ ಬಟ್ಟೆಯ ಗಂಟಿನಲ್ಲೋ ಇಟ್ಟರೆ ಎರಡು ಮೂರು ವರ್ಷಕ್ಕೆ ಮೊಳೆಯುವ ಶಕ್ತಿ ಕುಂದುತ್ತದೆ. ಅಜ್ಜನ ಡಬ್ಬಿ ಇನ್ನೂ ಉಳಿದಿರುವ ಮನೆ ಯಾವುದಾದರೂ ಇದ್ದರೆ ಅದನ್ನು ಪತ್ತೆ ಮಾಡಿ, ಒಂದು ಹಿಡಿ ಬೀಜವನ್ನು ದೇವಿಹೊಸೂರಿಗೋ ಧಾರವಾಡಕ್ಕೋ ಮುಟ್ಟಿಸಿ, ಉಳಿದದ್ದನ್ನು ಸುತ್ತ 400 ಮೀಟರ್ ಬೇರೆ ಮೆಣಸಿನಗಿಡವಿಲ್ಲದ ಒಂದು ಮೂಲೆಯಲ್ಲಿ ಬಿತ್ತಬೇಕು. ಬಯಲ ನಡುವೆ ಇರುವ ಎಷ್ಟೋ ಹೈಸ್ಕೂಲುಗಳ ಹಿತ್ತಲಿನಲ್ಲಿ ಅಂಥ ಮೂಲೆ ಸಿಗುತ್ತದೆ. ಸಸಿಮಡಿ ಹಾಕುವ ಕಾಲ ಮುಂಗಾರಿನ ಆರಂಭ, ಶಾಲೆ ತೆರೆಯುವ ಹೊತ್ತಿಗೇ.